ನೀರು ಹೋಗುವ ದಾರಿ

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಬೆನ್ನು ತಿರುಗಿಸಿದರೆ ಸೋಪಮ್ಮ. ಆ ಹೆಸರು ತನಗಿರುವುದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಸೋಂಕು ರೋಗಗಳ ತಜ್ಞೆಯಾಗಿ ಆ ಆಸ್ಪತ್ರೆಗೆ ಸೇರಿದ ಹೊಸದರಲ್ಲೇ, ಹೆಸರಾಂತ ಸರ್ಜನ್ ಒಬ್ಬರು ಒಬ್ಬ ರೋಗಿಯ ಗಾಯ ಮುಟ್ಟಿ ಅದೇ ಕೈಯಲ್ಲಿ ಪಕ್ಕದವನ ಹೊಟ್ಟೆ ಒತ್ತಿ ನೋಡಿದ್ದನ್ನು ಕಂಡು, ಎಲ್ಲರ ಮುಂದೆ, "ಸರ್, ಆ ಕೈ ಈಗ ಎಲ್ಲೆಲ್ಲಿ ಹೋಗಿ ಬಂತು?" ಎಂದು ಕೇಳಿಬಿಟ್ಟಿದ್ದಳು. ಅಂದಿನಿಂದ ಅವಳು ವಾರ್ಡಿಗೆ ಬರುತ್ತಾಳೆಂದರೆ ತಲೆ ನರೆತ ಡಾಕ್ಟರುಗಳೂ ಶಾಲೆ ಮಕ್ಕಳ ಹಾಗೆ ಅಂಗೈ ಉಜ್ಜಿಕೊಳ್ಳುತ್ತಾ ನಿಲ್ಲುತ್ತಿದ್ದರು.

ಹೊಸ ಐಸಿಯು ಕಟ್ಟುವಾಗ ಅವಳದೊಂದು ಹಟ. ಎರಡು ಹಾಸಿಗೆಗೊಂದು ಸಿಂಕ್ ಬೇಕೇ ಬೇಕು, ಅದೂ ರೋಗಿಯ ತಲೆದಿಂಬಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. "ಇಷ್ಟೊಂದು ಸಿಂಕ್ ಯಾಕೆ ಮೇಡಂ, ಇದೇನು ಹೋಟೆಲ್ಲಾ?" ಎಂದು ಎಂಜಿನಿಯರ್ ನಕ್ಕಿದ್ದ. "ದೂರ ಇದ್ರೆ ನಿಮ್ಮ ಡಾಕ್ಟರುಗಳು ನಡೆಯಲ್ಲ ಸ್ವಾಮಿ, ಸೋಮಾರಿಗಳು" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಬಿಳಿಯ ಪುಟ್ಟ ಬೋಗುಣಿಗಳು, ಮೇಲೆ ಹಂಸದ ಕತ್ತಿನ ಹಾಗೆ ಬಾಗಿದ ನಲ್ಲಿಗಳು. ಐಸಿಯು ಶುರುವಾದ ದಿನ ಅವಳು ಒಂದೊಂದು ನಲ್ಲಿಯನ್ನೂ ತಿರುಗಿಸಿ ನೋಡಿ, ಮನೆ ಕಟ್ಟಿಸಿದವಳಂತೆ ಸೆರಗಿನಲ್ಲಿ ಒರೆಸಿದ್ದಳು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಸೋಂಕುಗಳು ಇಳಿದವು. ಬೇರೆ ಆಸ್ಪತ್ರೆಗಳವರು ಬಂದು ನೋಡಿ, ಫೋಟೊ ಹೊಡೆದುಕೊಂಡು ಹೋದರು. ಆಮೇಲೆ ಒಂದು ದಿನ ಸೈಕಲ್ ಅಂಗಡಿಯವನೊಬ್ಬನ ಹೆಂಡತಿಯ ರಕ್ತದಲ್ಲಿ, ಇದ್ದಬದ್ದ ಯಾವ ಔಷಧಿಗೂ ಜಗ್ಗದ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಪಿತ್ತಕೋಶದ ಆಪರೇಷನ್ನಿಗೆಂದು ನಗುನಗುತ್ತಾ ಬಂದ ಹೆಂಗಸು, ಮನೆಯವರ ಜೊತೆ ಎರಡು ಮಾತು ಆಡುವುದರೊಳಗೆ ಹೋಗಿಬಿಟ್ಟಳು. "ಯಾಕೆ ಮೇಡಂ ಹೀಗಾಯ್ತು?" ಎಂದು ಗಂಡ ಕೇಳಿದಾಗ ಅವಳು, "ಈ ಕ್ರಿಮಿ ಅವರ ಕರುಳಲ್ಲೇ ಇದ್ದಿರಬೇಕು. ಮೈಯಲ್ಲಿ ಶಕ್ತಿ ಇಲ್ಲದಾಗ ತಲೆ ಎತ್ತುತ್ತೆ" ಎಂದಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ. ಎಷ್ಟೋ ಸಲ ಹಾಗೇ ಆಗುತ್ತದೆ, ಈ ಸಲವೂ ಹಾಗೇ ಆಗಿದೆ ಎಂದು ಅವಳು ನಂಬಿದ್ದಳು.

ಕೆಲವು ತಿಂಗಳ ಮೇಲೆ ಮುದುಕರೊಬ್ಬರಿಗೆ ಅದೇ ಜಾತಿಯ ಕ್ರಿಮಿ ತಗಲಿತು. ಅವರೂ ಉಳಿಯಲಿಲ್ಲ. ಆಗ ಅವಳು ಐಸಿಯುವನ್ನೇ ತಲೆಕೆಳಗು ಮಾಡಿದಳು. ನಳಿಕೆಗಳು, ಔಷಧಿ ಬಾಟಲಿಗಳು, ನರ್ಸುಗಳ ಉಗುರು, ಡಾಕ್ಟರುಗಳ ಫೋನು, ಯಾವುದನ್ನೂ ಬಿಡಲಿಲ್ಲ. ನಲ್ಲಿಯ ನೀರನ್ನು ಬಾಟಲಿಗಟ್ಟಲೆ ಹಿಡಿಸಿ ಪರೀಕ್ಷೆ ಮಾಡಿಸಿದಳು. ಕುಡಿಯಬಹುದು, ಅಷ್ಟು ಶುದ್ಧ. ಏನೂ ಸಿಗದಿದ್ದಾಗ, ಇನ್ನೂ ಹೆಚ್ಚು ಸಲ ಕೈ ತೊಳೆಯಿರಿ ಎಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು.

ಅವಳ ಅಕ್ಕನಿಗೆ ಕರುಳು ಗಂಟಿಕ್ಕಿಕೊಂಡು ತುರ್ತು ಆಪರೇಷನ್ ಆದದ್ದು ಇದಾದ ಮೇಲೆ.

ಅಕ್ಕ ಎಂದರೆ ಬರೀ ಅಕ್ಕ ಅಲ್ಲ. ಅಮ್ಮ ಬೇಗ ತೀರಿಕೊಂಡ ಮನೆಯಲ್ಲಿ ತಂಗಿಗೆ ತಲೆ ಬಾಚಿ, ಜಡೆ ಹೆಣೆದು, ಬೈದು, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಸುಬು. ಬಾಯಿ ಮಾತ್ರ ಕತ್ತರಿಗಿಂತ ಹರಿತ. ಐವತ್ತು ದಾಟಿದ ತಂಗಿಯನ್ನು ಕಿರಿಯ ಡಾಕ್ಟರುಗಳ ಎದುರಿಗೇ 'ಪುಟ್ಟೀ' ಎಂದು ಕರೆಯುವ ಧೈರ್ಯ ಆ ಆಸ್ಪತ್ರೆಯಲ್ಲಿ ಅವಳೊಬ್ಬಳಿಗೆ.

ಆಪರೇಷನ್ ಮುಗಿದು ಐಸಿಯುಗೆ ತಂದಾಗ ಹಿರಿಯ ಸಿಸ್ಟರ್ ಕೇಳಿದರು: "ಮೇಡಂ, ಕಿಟಕಿ ಪಕ್ಕದ್ದು ಖಾಲಿ ಇದೆ. ಬೆಳಕು ಚೆನ್ನಾಗಿ ಬರುತ್ತೆ, ಅಲ್ಲೇ ಹಾಕೋಣ್ವಾ?"

"ಬೇಡ ಸಿಸ್ಟರ್, ಸಿಂಕ್ ಪಕ್ಕದ್ದೇ ಕೊಡಿ. ಕಣ್ಣೆದುರೇ ನಲ್ಲಿ ಇದ್ರೆ ಕೈ ತೊಳೀದೆ ಯಾರೂ ಮುಟ್ಟಲ್ಲ."

ಮರುದಿನ ಎಚ್ಚರವಾದ ಅಕ್ಕ ತಲೆ ಹೊರಳಿಸಿ ನೋಡಿ, "ಅಲ್ವೇ ಪುಟ್ಟಿ, ಇಷ್ಟು ದೊಡ್ಡ ಡಾಕ್ಟರಾಗಿ ಸ್ವಂತ ಅಕ್ಕನ್ನ ಬಚ್ಚಲ ಪಕ್ಕ ಮಲಗಿಸಿದ್ದೀಯಲ್ಲ" ಎಂದಳು.

"ಇಡೀ ಐಸಿಯುನಲ್ಲೇ ಒಳ್ಳೇ ಜಾಗ ಅದು. ಸುಮ್ನೆ ಮಲಕ್ಕೋ."

ಗಾಯ ಮಾಯುತ್ತಾ ಬಂತು, ಇನ್ನೇನು ವಾರ್ಡಿಗೆ ಕಳಿಸಬೇಕು ಎನ್ನುವಷ್ಟರಲ್ಲಿ ಅಕ್ಕನಿಗೆ ಚಳಿ ಹಿಡಿದು ಮೈ ಕೆಂಡವಾಯಿತು. ರಕ್ತದಲ್ಲಿ ಅದೇ ಕ್ರಿಮಿ.

ಮೂರನೆಯ ದಿನ ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥೆ ಅವಳ ಕೋಣೆಗೆ ಬಂದಳು. ಒಂದು ಕಾಲದಲ್ಲಿ ಅವಳ ಶಿಷ್ಯೆ, ಈಗ ಕ್ರಿಮಿಗಳ ಜೀನೋಮ್ ಓದುವುದರಲ್ಲಿ ಗುರುವನ್ನೇ ಮೀರಿಸಿದವಳು. ಬಂದವಳೇ ಬಾಗಿಲು ಹಾಕಿದಳು.

"ಮೇಡಂ, ಕೂತ್ಕೊಳ್ಳಿ."

"ಕೂತೇ ಇದ್ದೀನಲ್ಲ. ಹೇಳು."

ಶಿಷ್ಯೆಯ ಲ್ಯಾಬಿಗೆ ಹೊಸ ಯಂತ್ರವೊಂದು ಬಂದಿತ್ತು. ಹಿಂದೆಲ್ಲ ಎರಡು ಕ್ರಿಮಿಗಳು ಒಂದೇ ಜಾತಿಯವು ಎಂದಷ್ಟೇ ಹೇಳಲು ಆಗುತ್ತಿತ್ತು, ಇಬ್ಬರು ಒಂದೇ ಊರಿನವರು ಎಂದ ಹಾಗೆ. ಈ ಯಂತ್ರ ಕ್ರಿಮಿಯ ಜೀನೋಮನ್ನು ಅಕ್ಷರ ಬಿಡದೆ ಓದಿ, ಅವು ಒಂದೇ ತಾಯಿಯ ಮಕ್ಕಳೋ ಅಲ್ಲವೋ ಎಂದೇ ಹೇಳಿಬಿಡುತ್ತದೆ. ಹಿಂದಿನ ಇಬ್ಬರ ಕ್ರಿಮಿಗಳನ್ನು ಲ್ಯಾಬಿನವರು ಶೈತ್ಯದಲ್ಲಿ ಕಾಪಿಟ್ಟಿದ್ದರು. ಶಿಷ್ಯೆ ಅವನ್ನೂ ಅಕ್ಕನ ಕ್ರಿಮಿಯನ್ನೂ ಒಟ್ಟಿಗಿಟ್ಟು ಓದಿದ್ದಳು.

"ಮೂವರದ್ದೂ ಒಂದೇ ಮೇಡಂ. ಒಡಹುಟ್ಟಿದವು."

ಅವಳು ಮೇಜು ಗುದ್ದಿದಳು. "ನೋಡಿದ್ಯಾ? ಕರುಳಿಂದ ಬಂದದ್ದಲ್ಲ ಹಾಗಾದ್ರೆ. ಯಾರದ್ದೋ ಕೈಯಿಂದ ದಾಟಿದೆ. ಯಾರು ಕೈ ತೊಳೆದಿಲ್ಲ ಹೇಳು, ಇವತ್ತೇ ಅವರ ಗ್ರಹಚಾರ ಬಿಡಿಸ್ತೀನಿ."

"ಎಲ್ರೂ ತೊಳೆದಿದ್ದಾರೆ ಮೇಡಂ. ತೊಂದರೆ ಇರೋದೇ ಅಲ್ಲಿ."

"ಏನು ಹಂಗಂದ್ರೆ?"

"ನಾಲ್ಕನೇದೂ ಒಂದು ಸಿಕ್ಕಿದೆ. ಅದು ರೋಗಿಯಿಂದ ಬಂದದ್ದಲ್ಲ." ಶಿಷ್ಯೆ ಗುರುವಿನ ಮುಖ ನೋಡಲಾರದೆ ಕಿಟಕಿಯತ್ತ ನೋಡಿದಳು. "ಅಕ್ಕನ ಹಾಸಿಗೆ ಪಕ್ಕದ ಸಿಂಕು. ಹಿಂದಿನ ಇಬ್ಬರೂ ಅದರ ಪಕ್ಕದಲ್ಲೇ ಮಲಗಿದ್ರು. ನೀರು ಇಳಿದು ಹೋಗೋ ತೂತಿನೊಳಗೆ ಹತ್ತಿ ಬಿಟ್ಟು ತೆಗೆದೆ. ಲೋಳೆ ಹಾಗೆ ಕಟ್ಕೊಂಡಿದೆ."

ಅವಳಿಗೆ ಮೊದಲು ಬಂದದ್ದು ಸಿಟ್ಟು. "ನೀರು ನಾವು ಪರೀಕ್ಷೆ ಮಾಡಿಲ್ವಾ? ಒಂದಲ್ಲ ಎರಡಲ್ಲ ಸಲ!"

"ನೀರು ಬರೋ ಕಡೆ ನೋಡಿದ್ವಿ ಮೇಡಂ. ಹೋಗೋ ಕಡೆ ನೋಡ್ಲಿಲ್ಲ."

"ಬಚ್ಚಲ ತೂತಲ್ಲಿ ಕ್ರಿಮಿ ಇರದೆ ದೇವರು ಇರ್ತಾನಾ? ಕೆಳಗೆ ಹೋದದ್ದು ಮೇಲೆ ಹೇಗೆ ಬರತ್ತೆ? ಮೆಟ್ಟಿಲು ಹತ್ಕೊಂಡಾ?"

 ಕೇಳುತ್ತಿರುವಾಗಲೇ ಉತ್ತರ ಸೋಪಮ್ಮನಿಗೆ ಗೊತ್ತಿತ್ತು. ಬೇರೆ ದೇಶಗಳ ಆಸ್ಪತ್ರೆಗಳಿಂದ ಇಂಥ ವರದಿಗಳು ಬರುತ್ತಿದ್ದುದು ಅವಳಿಗೂ ತಿಳಿದಿತ್ತು. ಓದಿದ್ದಳು. ಓದಿ, ಅವರ ಸಿಂಕುಗಳು ಹಳೆಯವಿರಬೇಕು, ನಮ್ಮವು ಹೊಸವು ಎಂದುಕೊಂಡು ಪುಟ ಮಗುಚಿದ್ದಳು.  'ಸಿಂಕ್ ಪಕ್ಕದ್ದೇ ಕೊಡಿ.' ತನ್ನದೇ ದನಿ ಕಿವಿಯಲ್ಲಿ ಕೇಳಿದಂತಾಗಿ ಧಡಕ್ಕನೆ ಎದ್ದಳು. ಮೊಣಕಾಲು ಮೇಜಿಗೆ ಬಡಿದದ್ದೂ ತಿಳಿಯಲಿಲ್ಲ. ಐಸಿಯುಗೆ ಓಡಿದಳು. ಹೌದು, ಓಡಿದಳು; ಆ ಮೊಗಸಾಲೆಯಲ್ಲಿ ಅವಳು ಓಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಸಂಜೆಯೊಳಗೆ ಅಕ್ಕನೂ ಸೇರಿ ಎಲ್ಲ ರೋಗಿಗಳು ಹಳೇ ಕಟ್ಟಡದ ಒಂದು ಹಜಾರಕ್ಕೆ ಹೋದರು. ಡೈರೆಕ್ಟರಿಗೆ ತಲೆ ಬಿಸಿಯಾಯಿತು. "ಒಂದು ಲೋಳೆ ಸಿಕ್ತು ಅಂತ ಇಡೀ ಐಸಿಯು ಖಾಲಿ ಮಾಡಿದ್ರೆ ಜನ ಏನಂತಾರೆ? ಆ ತೂತಿಂದ ಹಾಸಿಗೆಗೆ ಬಂತು ಅನ್ನೋದಕ್ಕೆ ಏನು ಸಾಕ್ಷಿ?"

"ಅದನ್ನೇ ನೋಡೋಣ ಬನ್ನಿ ಸರ್" ಎಂದಳು ಅವಳು. ನಿಜ ಹೇಳಬೇಕೆಂದರೆ ಸಾಕ್ಷಿ ಸಿಗದಿರಲಿ ಎಂದು ಅವಳ ಮನಸ್ಸು ಒಳಗೇ ಹಂಬಲಿಸುತ್ತಿತ್ತು.

ಮರುದಿನ ಮಧ್ಯಾಹ್ನ ಖಾಲಿ ಐಸಿಯುವಿನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದರು. ಅಕ್ಕ ಮಲಗಿದ್ದ ಹಾಸಿಗೆಗೆ ಒಗೆದ ಹೊದಿಕೆ ಹಾಸಿ, ತಲೆದಿಂಬು ಇಟ್ಟು, ಪಕ್ಕದಲ್ಲಿ ಚುಚ್ಚುಮದ್ದು ಸಿದ್ಧಮಾಡುವ ತಟ್ಟೆಯನ್ನು ದಿನವೂ ಇರುವ ಜಾಗದಲ್ಲೇ ಇಟ್ಟರು. ಬರಿಗಣ್ಣಿಗೆ ಕಾಣದ, ನೇರಳೆ ದೀಪ ಹಾಯಿಸಿದರೆ ಮಾತ್ರ ಹೊಳೆಯುವ ಒಂದು ಬಣ್ಣವನ್ನು ಶಿಷ್ಯೆ ಸಿಂಕಿನ ತೂತಿನೊಳಗೆ ಸುರಿದಳು. ಬೋಗುಣಿಯ ಮೇಲ್ಮೈಯನ್ನು ಒರೆಸಿ, ದೀಪ ಹಾಯಿಸಿ, ಹೊರಗೆಲ್ಲೂ ಒಂದು ಹನಿಯೂ ಇಲ್ಲವೆಂದು ಎಲ್ಲರಿಗೂ ತೋರಿಸಿದಳು.

"ಈಗ ಯಾರಾದ್ರೂ ಕೈ ತೊಳೀಬೇಕು" ಎಂದಳು.

"ನಾನೇ ತೊಳೀತೀನಿ" ಎಂದು ಸೋಪಮ್ಮ ಮುಂದೆ ಬಂದಳು.

ಅವಳು ಸಾವಿರಾರು ಜನಕ್ಕೆ ಕಲಿಸಿದ ಹಾಗೆಯೇ ತೊಳೆದಳು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಮಣಿಕಟ್ಟು. ನಲ್ಲಿಯ ನೀರು ನೇರವಾಗಿ ಆ ತೂತಿನ ಮೇಲೇ ಧೋ ಎಂದು ಬೀಳುತ್ತಿತ್ತು. ತೊಳೆದು, ಒರೆಸಿ, ಹಾಸಿಗೆಯ ಬಳಿ ನಿಂತಳು. ದೀಪಗಳನ್ನು ಆರಿಸಿದರು. ಶಿಷ್ಯೆ ನೇರಳೆ ದೀಪ ಹೊತ್ತಿಸಿದಳು.



ಬೋಗುಣಿಯ ಸುತ್ತ ಹಸಿರು ಚುಕ್ಕಿಗಳು ಚೆಲ್ಲಾಡಿದ್ದವು. ಗೋಡೆಯ ಮೇಲೆ, ಹಾಸಿಗೆಯ ಕಂಬಿಯ ಮೇಲೆ, ಚುಚ್ಚುಮದ್ದಿನ ತಟ್ಟೆಯಲ್ಲಿ ಚುಕ್ಕಿಗಳು. ಶಿಷ್ಯೆ ದೀಪವನ್ನು ಇನ್ನೂ ಈಚೆಗೆ ತಂದಳು. ತಲೆದಿಂಬಿನ ಮೇಲೆ, ಅಕ್ಕನ ಕೆನ್ನೆ ಒರಗುತ್ತಿದ್ದ ಜಾಗದಲ್ಲಿ, ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಹಸಿರು. ಡೈರೆಕ್ಟರು ತಮ್ಮ ಕೋಟಿನ ಅಂಚು ನೋಡಿಕೊಂಡು ಹಾವು ಕಂಡವರ ಹಾಗೆ ಹಿಂದೆ ಸರಿದರು.

ಸೋಪಮ್ಮ ತನ್ನ ಕೈಗಳನ್ನು ಮೇಲೆತ್ತಿದಳು. ಆಗಷ್ಟೇ ತೊಳೆದ ಕೈಗಳು. ಬೆರಳುಗಳ ಮೇಲೆ, ಮಣಿಕಟ್ಟಿನ ಮೇಲೆ, ಮಡಿಚಿದ ತೋಳಿನ ಅಂಚಿನಲ್ಲಿ ಅದೇ ಹಸಿರು ಮಿನುಗುತ್ತಿತ್ತು. ಅವಳು ಕೈಗಳನ್ನು ಯಾರದೋ ವಸ್ತುವಿನಂತೆ ಮೈಯಿಂದ ದೂರ ಹಿಡಿದು ನಿಂತಳು. ಎಲ್ಲಿಡುವುದೆಂದು ತಿಳಿಯಲಿಲ್ಲ. ಇಷ್ಟು ವರ್ಷ ಕೈ ಕೊಳೆಯಾದರೆ ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ಈಗ ಅಲ್ಲಿಗೇ ಹೋಗುವ ಹಾಗಿರಲಿಲ್ಲ.

ಕತ್ತಲಲ್ಲಿ ಹಿರಿಯ ಸಿಸ್ಟರ್ ಬಿಕ್ಕುವ ಸದ್ದು ಕೇಳಿತು. "ಮೇಡಂ, ರೋಗಿಗಳು ಬಿಟ್ಟ ಹಾಲು, ಉಳಿದ ಗ್ಲೂಕೋಸು, ನಮ್ಮ ಚಹಾ ಎಲ್ಲ ಅದಕ್ಕೇ ಸುರೀತಿದ್ವಿ. ನಾವೇ ಅದಕ್ಕೆ ಉಣ್ಣಿಸಿ ಸಾಕಿದ ಹಾಗಾಯ್ತಲ್ಲ."

  ಡೈರೆಕ್ಟರು, "ಮುಚ್ಚಿಬಿಡಿ. ಎಲ್ಲಾ ಕಿತ್ತು ಹಾಕ್ಸಿ" ಎಂದರು.

ಆ ಕಡೆ ಅಕ್ಕ ದಿನೇದಿನೇ ಇಳಿಯುತ್ತಿದ್ದಳು. ಉಸಿರಿಗೆ ಯಂತ್ರ ಹಾಕಿದರು. ಬೇರೆ ದಾರಿಯಿಲ್ಲದೆ ಕೊಡುತ್ತಿದ್ದ ಹಳೆಯ ಔಷಧಿ ಕ್ರಿಮಿಗಿಂತ ಹೆಚ್ಚಾಗಿ ಮೂತ್ರಪಿಂಡಗಳನ್ನು ಹಣ್ಣು ಮಾಡುತ್ತಿತ್ತು. ಇಂಥ ಕ್ರಿಮಿಗೆಂದೇ ಈಚೆಗೆ ಬಂದ ಒಂದು ಔಷಧಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಇದೆಯೆಂದು ತಿಳಿದು ಶಿಷ್ಯೆ ಅಲ್ಲಿಯವರ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಬೇಡಿ ತರಿಸಿದಳು. ಕ್ರಿಮಿಯ ಜೀನೋಮ್ ಓದಿದ್ದರಿಂದಲೇ ಈ ಔಷಧಿಗೆ ಅದು ಬಗ್ಗಬಹುದು ಎಂಬ ಸುಳಿವು ಸಿಕ್ಕಿತ್ತು, ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿ ಖಾತ್ರಿಯೂ ಮಾಡಿಕೊಂಡಿದ್ದರು.

ಔಷಧಿ ಹನಿಹನಿಯಾಗಿ ಇಳಿಯುತ್ತಿರುವಾಗ ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದ ಭಾವನ ಪಕ್ಕ ಕೂತಳು. ಭಾವ ಹೆಚ್ಚು ಮಾತಿನವನಲ್ಲ; ಮನೆಯ ಮಾತೆಲ್ಲ ಅಕ್ಕನೇ ಆಡಿ ಮುಗಿಸುತ್ತಿದ್ದುದರಿಂದ ಅವನ ಪಾಲಿಗೆ ಉಳಿದಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಸಿಂಕ್ ಹಾಕಿಸಿದ್ದು, ಹಾಸಿಗೆ ಆರಿಸಿದ್ದು, ಹಸಿರು ಚುಕ್ಕಿ.

 "ನೀನು ಒಳ್ಳೇದಾಗ್ಲಿ ಅಂತ ಮಾಡಿದ್ದು ನನಗೆ ಗೊತ್ತಮ್ಮ" ಎಂದ ಭಾವ. ಮತ್ತೆ, "ಆದ್ರೂ ಈಗ ಸ್ವಲ್ಪ ಹೊತ್ತು ನನ್ನ ಪಕ್ಕ ಕೂರಬೇಡ" ಎಂದ. ಅವಳು ಎದ್ದು ಮೊಗಸಾಲೆಯ ಆ ತುದಿಗೆ ಹೋಗಿ ಗೋಡೆಗೊರಗಿ ನಿಂತಳು.

ಜ್ವರ ಇಳಿಯಿತು. ಯಂತ್ರ ತೆಗೆದರು. ಅಕ್ಕ ಅರ್ಧಕ್ಕರ್ಧ ಸೊರಗಿ, ಗಂಟಲು ಒಡೆದು, ಕೈಯಲ್ಲಿ ಲೋಟ ಹಿಡಿಯಲಾರದವಳಾಗಿ, ಆದರೂ ಬದುಕಿ ಈಚೆ ಬಂದಳು. ದಿಂಬಿಗೆ ಒರಗಿ ಕೂರುವಂತಾದ ದಿನ ತಂಗಿ ಪಕ್ಕದಲ್ಲಿ ಕೂತು, ಎರಡನೇ ಸಲ ಅದೇ ಕತೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. ಅಕ್ಕ ಏನಾದರೂ ಚುಚ್ಚಿ ಮಾತಾಡುತ್ತಾಳೆ, ನಗಿಸುತ್ತಾಳೆ ಎಂದು ಕಾದಳು. ಅಕ್ಕ ನಗಲಿಲ್ಲ.

"ನನಗಿಂತ ಮುಂಚೆ ಇಬ್ಬರು ಹೋದ್ರು ಅಂದ್ಯಲ್ಲ" ಎಂದಳು, ಒಡಕು ದನಿಯಲ್ಲಿ. "ಅವರ ಮನೆಯವರಿಗೆ ಹೇಳಿದ್ಯಾ?"

"ಇನ್ನೂ ಇಲ್ಲ. ಆಸ್ಪತ್ರೆ ಕಡೆಯಿಂದ ತಿಳಿಸ್ತಾರಂತೆ. ವಕೀಲರು ನೋಡ್ತಿದ್ದಾರೆ."

"ಮತ್ತೆ ಬದುಕಿರೋಳ ಮುಂದೆ ಕೂತು ಯಾಕೆ ಅಳ್ತಿದ್ದೀಯಾ? ಎದ್ದು ಹೋಗು, ಮೊದಲು ಅಲ್ಲಿಗೆ ಹೋಗು."

ಮುದುಕರಿಗೆ ದೂರದೂರಿನಲ್ಲಿ ಒಬ್ಬ ಮೊಮ್ಮಗಳಿದ್ದಳು. ಅವಳು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಫೋನ್ ಇಟ್ಟುಬಿಟ್ಟಳು. ಸೈಕಲ್ ಅಂಗಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಅಲ್ಲಿಗೆ ಸೋಪಮ್ಮ ನಡೆದೇ ಹೋದಳು. ಅಂಗಡಿಯವನು ಒಂದು ಚಕ್ರವನ್ನು ತಿರುಗಿಸುತ್ತಾ, ಅದರ ಸೊಟ್ಟ ನೋಡುತ್ತಾ, ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದ. ಅವಳನ್ನು ಕಂಡು ಗುರುತು ಹಿಡಿದು, ಗಡಿಬಿಡಿಯಿಂದ ಸ್ಟೂಲು ಒರೆಸಿ ಕೊಟ್ಟ. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಆ ಚಕ್ರ ತನ್ನಷ್ಟಕ್ಕೆ ತಿರುಗಿ, ನಿಧಾನವಾಗಿ ನಿಂತಿತು.

"ಅಂದ್ರೆ..." ಅವನು ತಡವರಿಸಿದ. "ಅಂದ್ರೆ ಅವಳ ಮೈಯಲ್ಲಿ ಶಕ್ತಿ ಇರಲಿಲ್ಲ ಅಂದಿದ್ರಲ್ಲ ನೀವು?"

"ಆಗ ಹಾಗೆ ತಿಳ್ಕೊಂಡಿದ್ದೆ. ಅದು ತಪ್ಪು. ಅವರು ಗಟ್ಟಿಯಾಗೇ ಇದ್ರು. ಕ್ರಿಮಿ ನಮ್ಮಿಂದ ಬಂದದ್ದು."

ಅವನು ಅದೇ ಸ್ಟೂಲಿನ ಮೇಲೆ ಕುಸಿದು ಕೂತ. "ನಾನು ಅವಳಿಗೆ ಸರಿಯಾಗಿ ಊಟ ಹಾಕ್ಲಿಲ್ಲ ಅಂತ ಅಂದ್ಕೊಂಡಿದ್ದೆ ಮೇಡಂ. ಅಂಗಡಿ ಅಂಗಡಿ ಅಂತ ನಾನು ಇಲ್ಲೇ ಬಿದ್ದಿರ್ತಿದ್ದೆ. ಅವಳು ಉಂಡ್ಲಾ ಬಿಟ್ಲಾ ನೋಡ್ಲಿಲ್ಲ, ಅದಕ್ಕೇ ಶಕ್ತಿ ಹೋಯ್ತು ಅಂತ... ಅತ್ತೆಗೂ ಹಾಗೇ ಹೇಳ್ದೆ. ನಾನೇ ಕೊಂದೆ ಅಂತ ಹೇಳ್ದೆ. ಅವರು ನನ್ನ ಮುಖ ನೋಡೋದೇ ಬಿಟ್ಟಿದ್ದಾರೆ."

 ತಾನು ಆಡಿದ ಆ ಒಂದು ಮಾತು ಈ ಮನೆಯೊಳಗೆ ಇಷ್ಟು ದಿನ ಹೀಗೆ ಹರಿದಾಡುತ್ತಿತ್ತು ಎಂಬುದು ಸೋಪಮ್ಮನ ಕಲ್ಪನೆಗೂ ಬಂದಿರಲಿಲ್ಲ. ರೋಗಿ ಸತ್ತ ಮೇಲೆ ಮನೆಯವರು ಯಾವ ಮಾತನ್ನು ಹೊತ್ತುಕೊಂಡು ಹೋಗುತ್ತಾರೆಂದು ಅವಳು ಎಂದೂ ಯೋಚಿಸಿದವಳಲ್ಲ.

"ನಿಮ್ಮ ಅತ್ತೆ ಎಲ್ಲಿದ್ದಾರೆ ಹೇಳಿ" ಎಂದಳು. "ಅವರಿಗೂ ನಾನೇ ಹೇಳ್ತೀನಿ."

ಅವನು ಕೈಯ ಎಣ್ಣೆ ಒರೆಸಿಕೊಂಡು ಎದ್ದ. "ಆ ಸಿಂಕು ಈಗ ಎಲ್ಲಿದೆ?" ಎಂದು ಕೇಳಿದ.

"ಕಿತ್ತು ಹಾಕಿದ್ದಾರೆ. ಹಿತ್ತಲಲ್ಲಿದೆ."

"ನಾನು ನೋಡ್ಬೇಕು."

ಅಂಗಡಿಯ ಬಾಗಿಲು ಎಳೆದು ಅವನು ಅವಳ ಹಿಂದೆ ಬಂದ. ಆಸ್ಪತ್ರೆಯ ಹಿತ್ತಲಲ್ಲಿ ಮುರಿದ ಕುರ್ಚಿಗಳ ಪಕ್ಕ ಬಿಳಿಯ ಬೋಗುಣಿಗಳನ್ನು ಪ್ಲಾಸ್ಟಿಕ್ ಹಾಳೆ ಸುತ್ತಿ ಒಟ್ಟಿದ್ದರು. ಯಾವುದು ಅವನ ಹೆಂಡತಿಯ ಹಾಸಿಗೆಯ ಪಕ್ಕದ್ದೆಂದು ಅವಳಿಗೆ ಗೊತ್ತಿತ್ತು; ಶಿಷ್ಯೆ ಗುರುತು ಹಾಕಿದ್ದಳು. ತೋರಿಸಿದಳು. ಅವನು ಕುಕ್ಕರುಗಾಲಲ್ಲಿ ಕೂತು, ಹಾಳೆಯ ಮೂಲಕ ಆ ತೂತನ್ನು ನೋಡಿದ. ಬೆರಳು ಮುಂದೆ ಚಾಚಿದ.

"ಮುಟ್ಟಬೇಡಿ!" ಎಂದು ಅವಳು ಕಿರುಚಿದಳು.

ಅವನು ಕೈ ಹಿಂದೆಳೆದುಕೊಂಡು, ತಿರುಗಿ ಅವಳನ್ನು ನೋಡಿದ. ಆ ಕಣ್ಣುಗಳಲ್ಲಿ ಆಗ ಮೊದಲ ಸಲ ಸಿಟ್ಟು ಕಂಡಿತು. ಅದು ಬಂದದ್ದೇ ಒಳ್ಳೆಯದು ಎಂದು ಅವಳಿಗೆ ಅನ್ನಿಸಿತು.

"ಇಷ್ಟೇನಾ?" ಎಂದ ಅವನು. "ಇಷ್ಟೇ ಇಷ್ಟು ತೂತಾ?"

"ಹೌದು."

"ನೀವು ಹೋಗಿ ಮೇಡಂ. ನಾನು ಆಮೇಲೆ ಬರ್ತೀನಿ. ಅತ್ತೆ ಮನೆಗೆ ಹೋಗೋಣ."

ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಐಸಿಯುವಿನ ಗೋಡೆಯಲ್ಲಿ ಸಿಂಕುಗಳಿದ್ದ ಜಾಗಕ್ಕೆಲ್ಲ ಗಾರೆ ಮೆತ್ತಿದ್ದರು, ಇನ್ನೂ ಹಸಿ ಆರಿರಲಿಲ್ಲ. ಅವಳು ಒಂದು ಕುರ್ಚಿ ಎಳೆದುಕೊಂಡು, ಹಿತ್ತಲು ಕಾಣುವ ಕಿಟಕಿಯ ಬಳಿ ಅವನಿಗಾಗಿ ಕಾಯುತ್ತಾ ಕೂತಳು.